ಓದಲಾಗದ ಜಾಹೀರಾತು: ಸ್ಯಾನ್ ಫ್ರಾನ್ಸಿಸ್ಕೊದ ರಾಕ್ ಪೋಸ್ಟರುಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಚೈತ್ರಗೆರೆ

ಎಲ್ಲರಿಗೂ ನಮಸ್ಕಾರ. ನಾನು ದೃಶ್ಯಕಲೆಯ ಎರಡನೆಯ ವರ್ಷದ ವಿದ್ಯಾರ್ಥಿನಿ. ಹೋದ ತಿಂಗಳು ಹಳೆಯ ಪುಸ್ತಕ ಮತ್ತು ಗ್ರಾಮಫೋನ್ ತಟ್ಟೆಗಳನ್ನು ಮಾರುವ ಅಂಗಡಿಯೊಂದರಲ್ಲಿ ಒಂದು ಪೋಸ್ಟರು ಕಣ್ಣಿಗೆ ಬಿತ್ತು. ಹಸಿರು ನೆಲದ ಮೇಲೆ ಕೆಂಪು ಬೆಂಕಿಯೊಂದು ನಾಲಗೆ ಚಾಚಿ ಮೇಲೇಳುತ್ತಿತ್ತು. ಐದಾರು ನಿಮಿಷ ನೋಡಿದ ಮೇಲಷ್ಟೇ ಅದು ಬರಿಯ ಬೆಂಕಿಯಲ್ಲ, ಒತ್ತೊತ್ತಾಗಿ ಜೋಡಿಸಿದ ಇಂಗ್ಲಿಷ್ ಅಕ್ಷರಗಳು ಎಂಬುದು ಹೊಳೆಯಿತು. ಅಂಗಡಿಯವರ ನೆರವು ಪಡೆದು ಓದಿದಾಗ 'ದಿ ಅಸೋಸಿಯೇಷನ್', 'ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್' ಮೊದಲಾದ ವಾದ್ಯತಂಡಗಳ ಹೆಸರು, ಫಿಲ್‌ಮೋರ್ ಆಡಿಟೋರಿಯಂ ಎಂಬ ಸ್ಥಳ, ಜುಲೈ 22 ಮತ್ತು 23 ಎಂಬ ದಿನಾಂಕಗಳು ಒಂದೊಂದಾಗಿ ಹೊರಬಂದವು. ಚಿತ್ರಿಸಿದವರು ವೆಸ್ ವಿಲ್ಸನ್, ವರ್ಷ 1966.

ಅದನ್ನು ಕೊಂಡು ತಂದು ಕೊಠಡಿಯ ಗೋಡೆಗೆ ಅಂಟಿಸಿದ ದಿನದಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿದೆ. ಯಾರು, ಎಲ್ಲಿ, ಯಾವಾಗ ಎಂಬುದನ್ನು ದಾರಿಹೋಕರಿಗೆ ಥಟ್ಟನೆ ತಿಳಿಸುವುದೇ ಪೋಸ್ಟರಿನ ಕೆಲಸವೆಂದು ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಹಾಗಿರುವಾಗ ಆ ಮೂರನ್ನೂ ಬಚ್ಚಿಟ್ಟುಕೊಂಡಿರುವ ಈ ಹಾಳೆ ಜಾಹೀರಾತಾಗಿ ಹೇಗೆ ಕೆಲಸ ಮಾಡಿತು? ತರಗತಿಯಲ್ಲಿ ಕೇಳಿದಾಗ, ಅದೆಲ್ಲ ನಶೆಯಲ್ಲಿದ್ದವರು ನಶೆಯಲ್ಲಿದ್ದವರಿಗಾಗಿ ಬರೆದದ್ದು ಎಂಬ ಉತ್ತರ ಸಿಕ್ಕಿತು. ಅಷ್ಟಕ್ಕೇ ತೃಪ್ತಳಾಗಲು ನನ್ನಿಂದ ಆಗುತ್ತಿಲ್ಲ, ಏಕೆಂದರೆ ಆ ಅಕ್ಷರಗಳ ನಡುವಿನ ಸಂದು ಎಲ್ಲ ಕಡೆಯೂ ಒಂದೇ ಸಮನಾಗಿದೆ, ಮತ್ತು ಅಮಲಿನ ಕೈ ಅಷ್ಟು ಅಳತೆಯಿಂದ ಗೆರೆ ಎಳೆಯಲಾರದು ಎಂದು ನನಗನ್ನಿಸುತ್ತದೆ. ಇನ್ನೊಂದು ಸಂದೇಹವೂ ಇದೆ. ಕೆಂಪು ಹಸಿರುಗಳ ಅಂಚು ಸ್ವಲ್ಪ ಹೊತ್ತು ದಿಟ್ಟಿಸಿದರೆ ನಡುಗಿದಂತೆ ಕಾಣುತ್ತದೆ. ಗಣಕಯಂತ್ರವಿಲ್ಲದ ಕಾಲದಲ್ಲಿ ಇದನ್ನು ಹೇಗೆ ಸಾಧಿಸಿದರು? ಕೊನೆಯದಾಗಿ, ಮಾರಿದವರು ಇದು 1966ರ ಮೂಲ ಪ್ರತಿ ಎಂದೇ ಹೇಳಿ ಅದಕ್ಕೆ ತಕ್ಕ ಬೆಲೆ ತೆಗೆದುಕೊಂಡಿದ್ದಾರೆ. ಅದನ್ನು ಪರೀಕ್ಷಿಸುವ ಬಗೆಯನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಅಕ್ಷರಕಮ್ಮಟ

ಚೈತ್ರ ಅವರೇ, ಸಂದು ಒಂದೇ ಸಮನಾಗಿದೆ ಎಂಬುದನ್ನು ನೀವು ಗಮನಿಸಿದ್ದೀರಿ. ನಿಮ್ಮ ಮೊದಲ ಪ್ರಶ್ನೆಯ ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ.

ಆ ಅಕ್ಷರಗಳ ತವರು ಕ್ಯಾಲಿಫೋರ್ನಿಯಾ ಅಲ್ಲ, ವಿಯೆನ್ನಾ. ಅಲ್ಲಿನ ಸಿಸೆಷನ್ ಪಂಥದ ಕಲಾವಿದ ಆಲ್‌ಫ್ರೆಡ್ ರೋಲರ್ 1903ರಲ್ಲಿ ತಮ್ಮ ಬಳಗದ 16ನೆಯ ಪ್ರದರ್ಶನಕ್ಕಾಗಿ ಒಂದು ಪೋಸ್ಟರು ಮಾಡಿದ್ದರು. ಅದರಲ್ಲಿ ಪ್ರತಿಯೊಂದು ಅಕ್ಷರವೂ ತನ್ನ ಚೌಕವನ್ನು ಹಿಟ್ಟಿನಂತೆ ಉಬ್ಬಿ ತುಂಬಿಕೊಂಡಿದ್ದು, ಒಂದು ಅಕ್ಷರಕ್ಕೂ ಮತ್ತೊಂದಕ್ಕೂ ನಡುವೆ ಕೂದಲೆಳೆಯಷ್ಟು ಬಿಳಿ ಮಾತ್ರ ಉಳಿದಿದೆ. 1965ರ ಕೊನೆಯಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಜರ್ಮನ್ ಪೋಸ್ಟರುಗಳ ಪ್ರದರ್ಶನ ನಡೆದಿತ್ತು, ಮತ್ತು ವಿಲ್ಸನ್ ಆ ಪ್ರದರ್ಶನದ ಕ್ಯಾಟಲಾಗಿನಲ್ಲಿ ರೋಲರ್‌ನ ಅಕ್ಷರಗಳನ್ನು ಕಂಡರು. 1937ರಲ್ಲಿ ಹುಟ್ಟಿದ ವಿಲ್ಸನ್ ಕಲಾಶಾಲೆಯಲ್ಲಿ ಕ್ರಮವಾಗಿ ಪಳಗಿದವರಲ್ಲ. ಸಣ್ಣದೊಂದು ಮುದ್ರಣಾಲಯದಲ್ಲಿ ದುಡಿಯುತ್ತಿದ್ದರು. ಬಹುಶಃ ಅದರಿಂದಲೇ ಅವರಿಗೆ ಅಕ್ಷರವೆಂದರೆ ಬರಹ ಎನ್ನುವುದಕ್ಕಿಂತ ಹೆಚ್ಚಾಗಿ, ಹಾಳೆಯ ಮೇಲೆ ಶಾಯಿ ಹಿಡಿಯಬೇಕಾದ ಒಂದು ಜಾಗವಾಗಿ ಕಂಡಿತು.

ರೋಲರ್ ಚೌಕದೊಳಗೆ ನಿಲ್ಲಿಸಿದ್ದನ್ನು ವಿಲ್ಸನ್ ಚೌಕದಿಂದ ಬಿಡಿಸಿದರು. ನಿಮ್ಮ ಬಳಿ ಇರುವ ಪೋಸ್ಟರಿನಲ್ಲಿ ಮೊದಲು ಜ್ವಾಲೆಯ ಹೊರರೇಖೆ, ಆಮೇಲೆ ಅದರೊಳಗೆ ಸಾಲುಗಳ ಪಟ್ಟಿ, ಅದಾದ ಮೇಲೆ ಆ ಪಟ್ಟಿಯ ಬಾಗಿಗೆ ತಕ್ಕಂತೆ ಬಾಗುವ ಅಕ್ಷರ ಎಂಬ ಕ್ರಮವನ್ನು ಸ್ಪಷ್ಟವಾಗಿ ಗುರುತಿಸಬಹುದು. ಸಾಮಾನ್ಯ ಫಲಕದಲ್ಲಿ ಅಕ್ಷರವನ್ನು ಬರೆದ ನಂತರ ಉಳಿದದ್ದು ಖಾಲಿ ಜಾಗ. ಇಲ್ಲಿ ಖಾಲಿ ಜಾಗವನ್ನೇ ಗೆರೆಯಂತೆ ಎಳೆದಿದ್ದಾರೆ. ಅಕ್ಷರವೆಂಬುದು ಆ ಗೆರೆಗಳ ನಡುವೆ ಸಿಕ್ಕಿಬಿದ್ದ ಬಣ್ಣ. ಆದ್ದರಿಂದ ಓದುವಾಗ ಕೆಂಪನ್ನು ನೋಡದೆ ಕೆಂಪಿನ ನಡುವೆ ಹಾದುಹೋಗುವ ಹಸಿರು ಎಳೆಗಳನ್ನು ಹಿಂಬಾಲಿಸಿ. ಎರಡು ದಿನದ ಅಭ್ಯಾಸದಲ್ಲಿ ಅದು ವೃತ್ತಪತ್ರಿಕೆಯಷ್ಟೇ ಸಲೀಸಾಗುತ್ತದೆ. ಅಂದಿನ ಊರಿನ ಹುಡುಗರಿಗೂ ಆಗಿದ್ದು ಅದೇ. ವಾರಕ್ಕೊಂದು ಹೊಸ ಪೋಸ್ಟರು ಕಂಬ ಕಂಬದ ಮೇಲೆ ಕಾಣಿಸಿಕೊಳ್ಳುತ್ತಿದ್ದಾಗ ಈ ಲಿಪಿ ಅವರಿಗೆ ಬಹುಬೇಗ ರೂಢಿಯಾಯಿತು. ಓದಲಾಗದು ಎನ್ನುವುದು ಹೊರಗಿನವರ ಅನುಭವ.

ಇದಕ್ಕೊಂದು ಪಕ್ಕದ ಮಾತು. ಈ ಬಗೆಯ ಅಕ್ಷರಗಳನ್ನು ಕನ್ನಡದಲ್ಲಿ ಬರೆಯಲು ನಾನು ನಾಟಕ ತಂಡವೊಂದಕ್ಕಾಗಿ ಒಮ್ಮೆ ಪ್ರಯತ್ನಿಸಿ ಸೋತಿದ್ದೇನೆ. ವಿಲ್ಸನ್ ಬಳಸಿದ್ದು ಬರಿಯ ದೊಡ್ಡಕ್ಷರಗಳನ್ನು. ಅವೆಲ್ಲ ಒಂದೇ ಎತ್ತರದವು, ಮೇಲೆ ಕೆಳಗೆ ಏನೂ ಚಾಚುವುದಿಲ್ಲ, ಆದ್ದರಿಂದ ಇಟ್ಟಿಗೆಯಂತೆ ಜೋಡಿಸಬಹುದು. ನಮ್ಮಲ್ಲಿ ತಲೆಕಟ್ಟು, ಗುಣಿಸು, ದೀರ್ಘ, ಒತ್ತಕ್ಷರ ಎಂದು ಒಂದೇ ಅಕ್ಷರಕ್ಕೆ ನಾಲ್ಕು ದಿಕ್ಕಿನಲ್ಲೂ ಅಂಗಗಳಿವೆ. ಅವನ್ನೆಲ್ಲ ಉಬ್ಬಿಸಿ ಒಂದು ಪಟ್ಟಿಯೊಳಗೆ ತುರುಕಿದರೆ 'ಪ'ಕ್ಕೂ 'ಷ'ಕ್ಕೂ, 'ವ'ಕ್ಕೂ 'ಮ'ಕ್ಕೂ ಇರುವ ಒಂದೇ ಒಂದು ಗೆರೆಯ ಅಂತರವೂ ಮುಳುಗಿಹೋಗುತ್ತದೆ. ತಂಡದವರು ನನ್ನ ಕರಡನ್ನು ನೋಡಿ, ಇದು ನಾಟಕದ ಹೆಸರೋ ಹಲಸಿನ ಹಣ್ಣಿನ ಸಿಪ್ಪೆಯೋ ಎಂದು ಕೇಳಿದ್ದರು.

ಉತ್ತರ: ಹಳೇ_ಆಫ್‌ಸೆಟ್

ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಫ್‌ಸೆಟ್ ಯಂತ್ರ ಓಡಿಸಿ ನಿವೃತ್ತನಾದವನು. ಸಂಗೀತದ ವಿಷಯ ನನಗೆ ತಿಳಿಯದು, ಶಾಯಿಯ ವಿಷಯ ತಿಳಿಯುತ್ತದೆ. ಆ ಮಟ್ಟಿಗೆ ಬರೆಯುತ್ತೇನೆ.

ಇಂದು ಬಣ್ಣದ ಚಿತ್ರವೆಂದರೆ ನಾಲ್ಕು ಶಾಯಿಗಳ ಸಣ್ಣ ಚುಕ್ಕಿಗಳು ಕೂಡಿ ಕಣ್ಣಿಗೆ ಉಂಟುಮಾಡುವ ಭ್ರಮೆ. ಆ ಪೋಸ್ಟರುಗಳಲ್ಲಿ ಬಹುಪಾಲು ಹಾಗೆ ಮಾಡಿದವಲ್ಲ. ಕಲಾವಿದನು ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಹಾಳೆಯ ಮೇಲೆ ಕಪ್ಪಿನಲ್ಲಿ ಚಿತ್ರ ಬರೆದುಕೊಡುತ್ತಿದ್ದ. ಅದರಿಂದ ಒಂದೊಂದು ಪ್ಲೇಟು ಮಾಡಿ, ಡಬ್ಬಿಯಲ್ಲಿ ಕಲಸಿದ ನಿಜವಾದ ಕೆಂಪು, ನಿಜವಾದ ನೀಲಿಯನ್ನೇ ಹಾಳೆಯ ಮೇಲೆ ಒಂದಾದ ಮೇಲೊಂದರಂತೆ ಒತ್ತುತ್ತಿದ್ದರು. ಕಲಾವಿದನು ಕೆಲಸ ಮಾಡುವಾಗ ಎದುರಿಗಿದ್ದದ್ದೆಲ್ಲ ಕಪ್ಪು ಬಿಳುಪು. ಬಣ್ಣ ಅವನ ತಲೆಯಲ್ಲಿ ಮಾತ್ರ ಇರುತ್ತಿತ್ತು. ಅದನ್ನು ಮೊದಲು ಕಣ್ಣಾರೆ ನೋಡುತ್ತಿದ್ದವನು ಯಂತ್ರದ ಬಳಿ ನಿಂತ ನಮ್ಮಂಥವನು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಥ ಕೆಲಸಕ್ಕೆ ಹೆಸರಾದ ಮುದ್ರಕರು ಲೆವಾನ್ ಮೊಸ್ಗೊಫಿಯನ್. ಫ್ರೆಂಚ್ ಪೋಸ್ಟರ್ ಕಲಾವಿದ ತುಲೂಸ್ ಲಾಟ್ರೆಕ್‌ನ ಹೆಸರನ್ನು ತಮಾಷೆಗೆ ತಿರುಚಿ 'ಟೀ ಲಾಟ್ರೆಕ್ ಲಿಥೊ' ಎಂಬ ಹೆಸರಿನಲ್ಲಿ ಅವರು ಅಚ್ಚು ಮಾಡುತ್ತಿದ್ದರು. ಪೋಸ್ಟರಿನ ಚರ್ಚೆಯಲ್ಲಿ ಕಲಾವಿದರ ಹೆಸರು ಮಾತ್ರ ಕೇಳಿಬರುವುದರಿಂದ ಇದನ್ನು ಬೇಕೆಂದೇ ಹೇಳುತ್ತಿದ್ದೇನೆ.

ಇನ್ನು ಅಂಚಿನ ನಡುಕ. ಇದರ ಶಾಸ್ತ್ರವನ್ನು ಚೆನ್ನಾಗಿ ಅರಿತು ಬಳಸಿದವರು ವಿಕ್ಟರ್ ಮೊಸ್ಕೊಸೊ. ಸ್ಪೇನಿನ ಗಲೀಸಿಯಾದಲ್ಲಿ 1936ರಲ್ಲಿ ಹುಟ್ಟಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದು, ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಆಲ್ಬರ್ಸ್ ಅವರ ಬಳಿ ಬಣ್ಣದ ಪಾಠ ಹೇಳಿಸಿಕೊಂಡವರು. ಕೆಂಪು ಹಸಿರು, ನೀಲಿ ಕಿತ್ತಳೆ ಇಂಥ ಎದುರು ಬಣ್ಣಗಳನ್ನು ಪಕ್ಕಪಕ್ಕ ಇಟ್ಟರೆ ಸೆಣಸುತ್ತವೆಂಬುದು ಬಣ್ಣ ಹಚ್ಚುವ ಯಾರಿಗಾದರೂ ಗೊತ್ತು. ಆದರೆ ಅಷ್ಟೇ ಸಾಲದು. ಎರಡರ ಹೊಳಪೂ ಸಮನಾಗಿರಬೇಕು. ಅಂಚನ್ನು ಗುರುತಿಸಲು ನಮ್ಮ ಕಣ್ಣು ಬಹುಮಟ್ಟಿಗೆ ಬೆಳಕು ನೆರಳಿನ ವ್ಯತ್ಯಾಸವನ್ನೇ ನಂಬಿಕೊಂಡಿದೆ. ಬಣ್ಣ ಪೂರ್ತಿ ಬೇರೆಯಾಗಿ ಹೊಳಪು ಒಂದೇ ಆದಾಗ, ಇಲ್ಲೊಂದು ಗಡಿ ಇದೆ ಎಂದು ಒಂದು ಕಡೆಯಿಂದಲೂ, ಇಲ್ಲ ಎಂದು ಇನ್ನೊಂದು ಕಡೆಯಿಂದಲೂ ಸುದ್ದಿ ಬರುತ್ತದೆ, ಮತ್ತು ದೃಷ್ಟಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡಕಾಡುತ್ತದೆ. ನಿಮಗೆ ನಡುಕವಾಗಿ ಕಾಣುವುದು ಆ ತಡಕಾಟವೇ. ಅಕ್ಷರ ಬೇಗ ತಿಳಿಯಬೇಕು, ಬಣ್ಣ ಕಣ್ಣು ಕುಕ್ಕಬಾರದು ಎಂದು ಶಾಲೆಯಲ್ಲಿ ಕಲಿತದ್ದನ್ನೆಲ್ಲ ತಿರುಗುಮುರುಗು ಮಾಡಿದ ಮೇಲಷ್ಟೇ ತನಗೆ ಈ ಕೆಲಸ ಒಲಿಯಿತೆಂದು ಮೊಸ್ಕೊಸೊ ಹೇಳಿಕೊಂಡಿದ್ದಾರೆ. ನಿಮ್ಮ ಉಪನ್ಯಾಸಕರಿಗೆ ಇದನ್ನು ತಿಳಿಸಿ: ನಿಯಮವನ್ನು ಬುಡಮೇಲು ಮಾಡುವವನಿಗೆ ಅದು ಮೊದಲು ಪೂರ್ತಿ ಗೊತ್ತಿರಬೇಕು.

ಅದೇ ಮೊಸ್ಕೊಸೊ ಇನ್ನೊಂದು ಆಟ ಆಡಿದರು. ಒಂದೇ ಆಕೃತಿಯ ಎರಡು ಭಂಗಿಗಳನ್ನು ಒಂದನ್ನು ಕೆಂಪಿನಲ್ಲಿ, ಇನ್ನೊಂದನ್ನು ನೀಲಿಯಲ್ಲಿ, ಒಂದರ ಮೇಲೊಂದು ಅಚ್ಚು ಮಾಡಿಸಿದರು. ಕೆಂಪು ದೀಪದಡಿ ಕೆಂಪು ಶಾಯಿ ಕಾಗದದೊಡನೆ ಬೆರೆತು ಮಾಯವಾಗುತ್ತದೆ, ನೀಲಿ ಮಾತ್ರ ಕಪ್ಪಾಗಿ ನಿಲ್ಲುತ್ತದೆ. ನೀಲಿ ದೀಪದಡಿ ಇದಕ್ಕೆ ವಿರುದ್ಧ. ಎರಡು ದೀಪಗಳೂ ಸರದಿಯಂತೆ ಮಿನುಗುವ ಕೋಣೆಯಲ್ಲಿ ಆ ಪೋಸ್ಟರನ್ನು ತೂಗುಹಾಕಿದರೆ ಆಕೃತಿ ಕುಣಿಯುತ್ತದೆ. ಬರಿಯ ಎರಡು ಶಾಯಿಯಲ್ಲಿ ಚಲನಚಿತ್ರ!

ಕೆಲವು ಪೋಸ್ಟರುಗಳಲ್ಲಿ ಹಳದಿ ಮೆಲ್ಲಗೆ ಕಿತ್ತಳೆಯಾಗಿ, ಕಿತ್ತಳೆ ಕೆಂಪಾಗಿ ಜಾರುವುದನ್ನು ಕಾಣುತ್ತೀರಿ. ಅದಕ್ಕೆ ಯಂತ್ರದ ಶಾಯಿತೊಟ್ಟಿಯಲ್ಲಿ, ಅಂದರೆ ನಾವು ಡಕ್ಟ್ ಎನ್ನುವ ಭಾಗದಲ್ಲಿ, ಒಂದು ತುದಿಗೆ ಒಂದು ಬಣ್ಣ, ಮತ್ತೊಂದು ತುದಿಗೆ ಮತ್ತೊಂದು ಬಣ್ಣ ತುಂಬಿ ಓಡಿಸುತ್ತಾರೆ. ರೋಲರುಗಳು ಅಕ್ಕಪಕ್ಕ ಸರಿದಾಡುವುದರಿಂದ ನಡುವೆ ಎರಡೂ ಕಲೆತುಕೊಳ್ಳುತ್ತವೆ. ನಮ್ಮಲ್ಲಿ ಇದಕ್ಕೆ ರೇನ್‌ಬೋ ಪ್ರಿಂಟಿಂಗ್ ಎನ್ನುತ್ತಿದ್ದರು. ಹಳೆಯ ಲಾಟರಿ ಟಿಕೆಟ್ಟುಗಳ ಹಿನ್ನೆಲೆಯನ್ನು ನೆನಪಿಸಿಕೊಳ್ಳಿ. ಒಂದೇ ಪ್ಲೇಟಿನ ಖರ್ಚಿನಲ್ಲಿ ಮೂರು ಬಣ್ಣ ಸಿಗುತ್ತದೆ. ಆದರೆ ಓಡುತ್ತ ಓಡುತ್ತ ಶಾಯಿಗಳು ಇನ್ನಷ್ಟು ಬೆರೆತು ಕೆಸರಾಗುವುದರಿಂದ ಮೊದಲ ನೂರು ಹಾಳೆಗೂ ಸಾವಿರದ ಹಾಳೆಗೂ ಬಣ್ಣ ಒಂದೇ ಇರುವುದಿಲ್ಲ. ನಡುವೆ ಯಂತ್ರ ನಿಲ್ಲಿಸಿ ಡಕ್ಟ್ ತೊಳೆಯಬೇಕು. ಕೈ ನೋಯುವ ಕೆಲಸ.

ನಿಮ್ಮ ಪ್ರತಿಯನ್ನು ಪರೀಕ್ಷಿಸಲು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಒಂದು ಸಾಕು. ಹಸಿರು ನೆಲದ ನಡುಭಾಗವನ್ನು ನೋಡಿ. ಹಸಿರು ಎಲ್ಲಿಯೂ ಒಡೆಯದೆ ಒಂದೇ ಹಾಸಾಗಿ ಕಂಡರೆ ಅದು ಮೂಲವಿರಬಹುದು ಎಂದಷ್ಟೇ ಹೇಳಬಹುದು, ಏಕೆಂದರೆ ಹಳೆಯ ಪ್ಲೇಟಿನಿಂದ ಆಮೇಲೆ ಮರುಮುದ್ರಿಸಿದ ಪ್ರತಿಗಳೂ ಹಾಗೆಯೇ ಕಾಣುತ್ತವೆ. ಆದರೆ ಹಸಿರಿನ ಬದಲು ನೀಲಿ, ಹಳದಿ ಚುಕ್ಕಿಗಳು ಕಂಡರೆ, ಅದು ಪೋಸ್ಟರಿನ ಫೋಟೋ ತೆಗೆದು ನಾಲ್ಕು ಬಣ್ಣದಲ್ಲಿ ಅಚ್ಚು ಮಾಡಿದ ಪ್ರತಿ ಎನ್ನುವುದರಲ್ಲಿ ಸಂಶಯವೇ ಬೇಡ.

ಉತ್ತರ: ಕೊಲ್ಲಿತೀರ

ಕ್ಯಾಲಿಫೋರ್ನಿಯಾಗೆ ಬಂದು ನೆಲೆಸಿ ಬಹಳ ವರ್ಷಗಳಾದವು. 2017ರಲ್ಲಿ ಇಲ್ಲಿನ ಡಿ ಯಂಗ್ ವಸ್ತುಸಂಗ್ರಹಾಲಯ 'ಸಮ್ಮರ್ ಆಫ್ ಲವ್' ಎಂದು ಹೆಸರಾದ, ಹಿಪ್ಪಿ ಯುವಜನ ಈ ನಗರಕ್ಕೆ ಮುಗಿಬಿದ್ದ 1967ರ ಬೇಸಗೆಯ ಐವತ್ತನೆಯ ವರ್ಷಕ್ಕೆ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಈ ಪೋಸ್ಟರುಗಳನ್ನು ಗೋಡೆಯ ತುಂಬ ನೋಡುವ ಅವಕಾಶ ದೊರಕಿತ್ತು. ಹತ್ತಿರ ಹೋದಾಗ ಮೊದಲು ಅಚ್ಚರಿಯಾದದ್ದು ಅವುಗಳ ಗಾತ್ರ. ಪುಸ್ತಕಗಳಲ್ಲಿ ನೋಡಿ ಗೋಡೆಯಗಲದ ಪೋಸ್ಟರು ಎಂದುಕೊಂಡಿದ್ದೆ. ಬಹಳಷ್ಟು ಪೋಸ್ಟರುಗಳು ಸುಮಾರು 14 ಇಂಚು ಅಗಲ, 20 ಇಂಚು ಎತ್ತರದವು. ವೇಗವಾಗಿ ಹೋಗುವ ಕಾರಿನಿಂದ ಓದಲು ಮಾಡಿದ ಅಳತೆಯಲ್ಲ ಅದು. ನಡೆದು ಹೋಗುವವನು ಅಂಗಡಿಯ ಗಾಜಿನ ಮುಂದೆ ನಿಂತು ಮೂಗು ತಾಗಿಸಿ ನೋಡುವ ಅಳತೆ. ಅವು ಅಂಟಿಸಲ್ಪಟ್ಟ, ಹಿಪ್ಪಿಗಳ ಬಡಾವಣೆಯ ಹೇಟ್ ಬೀದಿ ಆಗ ಅಂಥ ನಡೆದಾಡುವವರ ಬೀದಿಯಾಗಿತ್ತು.

ಇತಿಹಾಸವನ್ನು ಚಿಕ್ಕದಾಗಿ ಹೇಳುತ್ತೇನೆ. 1965ರ ಬೇಸಗೆಯಲ್ಲಿ ನೆವಾಡದ ವರ್ಜೀನಿಯಾ ಸಿಟಿಯ ರೆಡ್ ಡಾಗ್ ಸಲೂನಿನಲ್ಲಿ ನುಡಿಸಿದ 'ಶಾರ್ಲಟನ್ಸ್' ತಂಡದವರು ತಮಗಾಗಿ ತಾವೇ ಬರೆದುಕೊಂಡ ಪೋಸ್ಟರನ್ನು ಈ ಪರಂಪರೆಯ ಬೀಜ ಎನ್ನುತ್ತಾರೆ. ಅದರ ಅಡ್ಡಹೆಸರೂ 'ಸೀಡ್' ಎಂದೇ. 1966ರಲ್ಲಿ ನಗರದಲ್ಲಿ ಎರಡು ನೃತ್ಯಶಾಲೆಗಳು, ಅಂದರೆ ತಂಡಗಳು ನುಡಿಸುವಾಗ ಜನ ಕುಣಿಯುವ ಸಭಾಂಗಣಗಳು, ಪೈಪೋಟಿಗೆ ನಿಂತವು. ಒಂದು ಬಿಲ್ ಗ್ರಹಾಂ ನಡೆಸುತ್ತಿದ್ದ ಫಿಲ್‌ಮೋರ್. ಮತ್ತೊಂದು ಚೆಟ್ ಹೆಲ್ಮ್ಸ್ ಅವರ 'ಫ್ಯಾಮಿಲಿ ಡಾಗ್' ಬಳಗದ ಅವಲಾನ್. ಪ್ರತಿ ವಾರಾಂತ್ಯಕ್ಕೂ ಹೊಸ ಕಾರ್ಯಕ್ರಮ, ಪ್ರತಿ ಕಾರ್ಯಕ್ರಮಕ್ಕೂ ಹೊಸ ಪೋಸ್ಟರು, ಪ್ರತಿ ಪೋಸ್ಟರಿಗೂ ಕ್ರಮಸಂಖ್ಯೆ. ಮೊದಲಲ್ಲಿ ವಿಲ್ಸನ್ ಎರಡೂ ಕಡೆಗೂ ಬರೆಯುತ್ತಿದ್ದರು. ವಾರಕ್ಕೊಂದರಂತೆ, ಮುದ್ರಣದ ಗಡುವಿನ ಹಿಂದಿನ ರಾತ್ರಿ ಮುಗಿಸಬೇಕಾದ ಕೆಲಸ ಅದು. ನಶೆಯ ಮಾತಿಗೆ ಬಂದರೆ, ಅದು ಆ ಪರಿಸರದಲ್ಲಿ ಇರಲಿಲ್ಲವೆಂದು ನಾನು ಹೇಳಲಾರೆ, ಭ್ರಮೆ ಹುಟ್ಟಿಸುವ ಮಾದಕವಾದ ಎಲ್.ಎಸ್.ಡಿ. ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರವಾದದ್ದೇ 1966ರ ಅಕ್ಟೋಬರ್ 6ರಂದು. ಕಲಾವಿದರೂ ಅದನ್ನು ಮುಚ್ಚಿಟ್ಟವರಲ್ಲ. ಆದರೆ ಕಂಡದ್ದು ಹೇಗಾದರೂ ಇರಲಿ, ಬರೆದದ್ದು ಗಡುವಿನೊಳಗೆ, ರೂಲುಪಟ್ಟಿ ಹಿಡಿದು.

ನೀವು ಕೇಳಿದ 'ಜಾಹೀರಾತಾಗಿ ಕೆಲಸ ಮಾಡಿತೇ' ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವರು ಹಣ ಹಾಕಿದ ಗ್ರಹಾಂ ಅವರೇ. ಇದನ್ನು ಯಾರೂ ಓದಲಾರರು ಎಂದು ಅವರು ಗೊಣಗುತ್ತಿದ್ದರು, ಓದಲಾಗದ್ದರಿಂದಲೇ ಜನ ನಿಂತು ನೋಡುತ್ತಾರೆಂದು ವಿಲ್ಸನ್ ವಾದಿಸುತ್ತಿದ್ದರು. ನಿಂತು ನೋಡಿದ್ದಷ್ಟೇ ಅಲ್ಲ, ಜನ ಕಿತ್ತುಕೊಂಡೂ ಹೋದರು. ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನ ಗೋಡೆಯ ಮೇಲಿರುತ್ತಿರಲಿಲ್ಲ. ಗ್ರಹಾಂ ಅದನ್ನು ಬೇಗ ಅರ್ಥ ಮಾಡಿಕೊಂಡರು. ಪೋಸ್ಟರುಗಳು ಮಾರಾಟದ ಸರಕಾದವು. ಜಗಳ ಹುಟ್ಟಿದ್ದೂ ಅಲ್ಲಿಯೇ. 1967ರ ಮೇ ತಿಂಗಳಲ್ಲಿ ವಿಲ್ಸನ್ ಹಣದ ವಿಷಯಕ್ಕೆ ಮುನಿಸಿಕೊಂಡು ಫಿಲ್‌ಮೋರ್ ಬಿಟ್ಟರು, ಮತ್ತು ಬಿಡುವ ಮುನ್ನ ಮಾಡಿದ ಕೊನೆಯ ಪೋಸ್ಟರಿನಲ್ಲಿ ಹಾವೊಂದರ ಬಾಯಿಗೆ ಡಾಲರ್ ಗುರುತನ್ನು ಇಟ್ಟರು. ಅಷ್ಟು ನಯವಾಗಿ ರಾಜೀನಾಮೆ ಕೊಟ್ಟವರು ಕಡಿಮೆ.

ಅವರ ಜಾಗಕ್ಕೆ ಬಂದವರು ಗ್ರಹಾಂ ಅವರ ಪತ್ನಿ ಬಾನಿ ಮೆಕ್ಲೀನ್. ಫಿಲ್‌ಮೋರಿನ ಒಳಗಡೆ ಮುಂದಿನ ಕಾರ್ಯಕ್ರಮಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಲಂಕರಿಸಿ ಬರೆಯುತ್ತಿದ್ದವರು ಅವರು. ಒಂದು ಬೆಳಗಾಗುವಷ್ಟರಲ್ಲಿ ನಗರದ ಅತಿ ಮುಖ್ಯ ಪೋಸ್ಟರ್ ಕಲಾವಿದೆಯಾದರು. ಹೆಸರಾಂತ ಐವರ ಪಟ್ಟಿಯಲ್ಲಿ ವಿಲ್ಸನ್, ಮೊಸ್ಕೊಸೊ, ರಿಕ್ ಗ್ರಿಫಿನ್, ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲಿ ಇದ್ದಾರೆ, ಮೆಕ್ಲೀನ್ ಇಲ್ಲ. ಅವರ ಪೋಸ್ಟರುಗಳ ಅರೆನಿದ್ದೆಯ ಕಣ್ಣಿನ, ಗಾಥಿಕ್ ಚರ್ಚಿನ ಗಾಜಿನ ಚಿತ್ರಗಳಂಥ ಮುಖಗಳನ್ನು ನೋಡಿದ ಮೇಲೆ ನನಗೆ ಆ ಪಟ್ಟಿಯ ಬಗ್ಗೆ ಗೌರವ ಉಳಿಯಲಿಲ್ಲ.

ಕನ್ನಡದವರಿಗೆ ಆಪ್ತವೆನಿಸಬಹುದಾದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. 'ಗ್ರೇಟ್‌ಫುಲ್ ಡೆಡ್' ತಂಡದ ಗುರುತಾಗಿ ಲೋಕಪ್ರಸಿದ್ಧವಾದ, ಗುಲಾಬಿ ಹೂಗಳ ಕಿರೀಟ ತೊಟ್ಟ ಅಸ್ಥಿಪಂಜರದ ಚಿತ್ರವನ್ನು ಮೌಸ್ ಮತ್ತು ಕೆಲಿ 1966ರ ಸೆಪ್ಟೆಂಬರಿನ ಅವಲಾನ್ ಪೋಸ್ಟರಿಗೆ ಬಳಸಿದರು. ಅದು ಅವರ ಸ್ವಂತ ಕಲ್ಪನೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಕ್ಕಿದ, ಉಮರ್ ಖಯ್ಯಾಮನ ಪದ್ಯಗಳ ಇಂಗ್ಲಿಷ್ ಆವೃತ್ತಿಗೆ ಎಡ್ಮಂಡ್ ಸಲಿವನ್ ಬರೆದ ಕಪ್ಪು ಬಿಳುಪು ಚಿತ್ರಕ್ಕೆ ಅವರು ಬಣ್ಣ ತುಂಬಿ, ಸುತ್ತ ಅಕ್ಷರ ಕಟ್ಟಿದರು. ಡಿ.ವಿ.ಜಿ.ಯವರು 'ಉಮರನ ಒಸಗೆ'ಯಾಗಿ ನಮಗೆ ತಂದುಕೊಟ್ಟದ್ದು ಆ ಪದ್ಯಗಳನ್ನೇ. ನಮ್ಮ ತಾತನ ಕಪಾಟಿನಲ್ಲಿದ್ದ ಆ ಪುಸ್ತಕಕ್ಕೂ ಇಲ್ಲಿನ ಹುಡುಗರ ಅಂಗಿಯ ಮೇಲಿನ ತಲೆಬುರುಡೆಗೂ ನಂಟಿದೆಯೆಂದು ತಿಳಿದ ದಿನ ನಾನು ಬಹಳ ಹೊತ್ತು ನಕ್ಕಿದ್ದೆ.

ಉತ್ತರ: ಒಗ್ಗರಣೆ_ಬೇಡ

ಮೇಲಿನ ಮೂರೂ ಉತ್ತರಗಳಿಂದ ಬಹಳ ಕಲಿತೆ. ಆದರೆ ಹೊಗಳಿಕೆ ಸ್ವಲ್ಪ ಹೆಚ್ಚಾಯಿತೆಂದು ತೋರುವುದರಿಂದ ಎರಡು ತಕರಾರುಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಓದಲಾಗದಿದ್ದರೂ ಜನ ಬಂದರು ಎಂಬುದರಿಂದ ಪೋಸ್ಟರು ಜಾಹೀರಾತಾಗಿ ಗೆದ್ದಿತೆಂದು ಹೇಳಲಾಗದು. ಸಣ್ಣ ಊರಿನಂಥ ಒಂದು ಬಡಾವಣೆ, ಎರಡೇ ಮುಖ್ಯ ನೃತ್ಯಶಾಲೆಗಳು, ಪ್ರತಿ ವಾರಾಂತ್ಯವೂ ತಪ್ಪದ ಕಾರ್ಯಕ್ರಮ. ಶುಕ್ರವಾರ ಎಲ್ಲಿಗೆ ಹೋಗಬೇಕೆಂಬುದು ಬಾಯಿಮಾತಿನಲ್ಲೇ ಎಲ್ಲರಿಗೂ ತಿಳಿದಿರುತ್ತಿತ್ತು. ತೇರು ಯಾವತ್ತು ಎಂದು ಊರಿನವರು ಪೋಸ್ಟರು ನೋಡಿ ತಿಳಿಯುತ್ತಾರೆಯೇ? ಸುದ್ದಿ ಮುಟ್ಟಿಸುವ ಹೊರೆ ಬೇರೆಯವರ ಹೆಗಲ ಮೇಲಿದ್ದುದರಿಂದ ಪೋಸ್ಟರಿಗೆ ಸ್ವಚ್ಛಂದವಾಗಿರಲು ಸಾಧ್ಯವಾಯಿತು ಎಂದು ನಾನು ತಿಳಿಯುತ್ತೇನೆ. ಮೊಸ್ಕೊಸೊ ಇದನ್ನು ಎಲ್ಲರಿಗಿಂತ ಮೊದಲು ಲೆಕ್ಕ ಹಾಕಿದವರು. ಮ್ಯಾಟ್ರಿಕ್ಸ್ ಎಂಬ ಚಿಕ್ಕ ಕ್ಲಬ್ಬಿಗೆ ಪೋಸ್ಟರು ಮಾಡಿಕೊಟ್ಟು, ಉಳಿದ ಪ್ರತಿಗಳನ್ನು 'ನಿಯಾನ್ ರೋಸ್' ಎಂಬ ತಮ್ಮದೇ ಹೆಸರಿನಡಿ ಮಾರಿದರು. ಹಕ್ಕನ್ನೂ ತಮ್ಮಲ್ಲೇ ಇಟ್ಟುಕೊಂಡರು. ಅಲ್ಲಿಗೆ ಸಂಗೀತ ಕಾರ್ಯಕ್ರಮವೇ ಪೋಸ್ಟರಿಗೊಂದು ನೆಪವಾಯಿತು. 1967ರ ಸೆಪ್ಟೆಂಬರ್ 1ರ 'ಲೈಫ್' ಪತ್ರಿಕೆ ಪೋಸ್ಟರಿನ ಅಲೆಯನ್ನು ಮುಖಪುಟಕ್ಕೆ ತಂದಾಗ ಅದು ಜಾಹೀರಾತಿನ ಸುದ್ದಿಯಾಗಿರದೆ ಕೊಂಡು ಗೋಡೆಗೆ ಅಂಟಿಸುವ ಸರಕಿನ ಸುದ್ದಿಯಾಗಿತ್ತು. ಫಿಲ್‌ಮೋರಿನ ಸಾಲಿನಲ್ಲಿ ಆಮೇಲೆ ಬಂದ ರ್‍ಯಾಂಡಿ ಟೂಟನ್ ತಮ್ಮ ಪೋಸ್ಟರುಗಳಲ್ಲಿ ನಿಚ್ಚಳವಾಗಿ ಓದಬಹುದಾದ ಅಕ್ಷರಗಳಿಗೆ ಹಿಂತಿರುಗಿದ್ದನ್ನೂ ಮರೆಯಬಾರದು.

ಎರಡನೆಯ ತಕರಾರು ಎರವಲಿನದು. ಸಲಿವನ್‌ನ ಅಸ್ಥಿಪಂಜರ ಒಂದೇ ಅಲ್ಲ. ಚೆಕ್ ಕಲಾವಿದ ಅಲ್ಫೋನ್ಸ್ ಮುಕಾ ಜಾಬ್ ಸಿಗರೇಟು ಕಾಗದಕ್ಕಾಗಿ ಬರೆದ ಹೆಂಗಸೂ, ಜಿಗ್‌ಜಾಗ್ ಕಾಗದದ ಗಡ್ಡದ ಸಿಪಾಯಿಯೂ ಹೆಚ್ಚು ಬದಲಾವಣೆಯಿಲ್ಲದೆ ಅವಲಾನ್ ಪೋಸ್ಟರುಗಳಿಗೆ ಬಂದು ಕೂತಿದ್ದಾರೆ. ಅಷ್ಟನ್ನು ವಿನೋದವೆಂದು ಬಿಡಬಹುದು. ಆದರೆ 1967ರ ಜನವರಿ 14ರಂದು ಗೋಲ್ಡನ್ ಗೇಟ್ ಉದ್ಯಾನದಲ್ಲಿ ನಡೆದ 'ಹ್ಯೂಮನ್ ಬಿ-ಇನ್' ಸಮಾವೇಶದ ಎರಡು ಪೋಸ್ಟರುಗಳನ್ನು ನೋಡಿ. ಗ್ರಿಫಿನ್ ಬರೆದದ್ದರಲ್ಲಿ ಕುದುರೆಯೇರಿದ ಅಮೆರಿಕದ ಮೂಲನಿವಾಸಿಯ ಕೈಗೆ ಗಿಟಾರ್ ಕೊಡಲಾಗಿದೆ. ಇನ್ನೊಂದರಲ್ಲಿ ಜಟೆ ಗಡ್ಡಗಳ ಸಾಧುವೊಬ್ಬರ ಛಾಯಾಚಿತ್ರವಿದ್ದು, ಹಣೆಯ ಮೇಲೆ ಮೂರನೆಯ ಕಣ್ಣೊಂದನ್ನು ಸೇರಿಸಲಾಗಿದೆ. ಅದೇ ವರ್ಷ ಲಂಡನ್ನಿನಲ್ಲಿ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ರ ಎರಡನೆಯ ಧ್ವನಿಮುದ್ರಿಕೆಯ ಹೊದಿಕೆಗೆ ನಮ್ಮ ಕ್ಯಾಲೆಂಡರುಗಳ ವಿಶ್ವರೂಪದ ವಿಷ್ಣುವಿನ ಚಿತ್ರವನ್ನೇ ತೆಗೆದುಕೊಂಡು, ನಡುವಿನ ಮುಖವನ್ನು ಅಳಿಸಿ, ಹೆಂಡ್ರಿಕ್ಸ್ ಮತ್ತು ಜೊತೆಗಾರರ ಮುಖಗಳನ್ನು ಕೂಡಿಸಿದರು. ಸ್ವತಃ ಹೆಂಡ್ರಿಕ್ಸ್‌ಗೇ ಅದು ಒಪ್ಪಿಗೆಯಾಗಿರಲಿಲ್ಲ. ಇಂಡಿಯನ್ ಎಂದು ಅವರ ಮನಸ್ಸಿನಲ್ಲಿದ್ದದ್ದು ಬೇರೆ ಇಂಡಿಯನ್, ಅಂದರೆ ಅಮೆರಿಕದ ಮೂಲನಿವಾಸಿ. ಸಾಧುವಾಗಲಿ ವಿಷ್ಣುವಾಗಲಿ ಅವರಿಗೆ ದೂರದ ಒಂದು ಮಾದರಿ ಅಷ್ಟೇ, ಮುಕಾನ ಹೆಂಗಸಿನಂತೆ. ಮುಕಾನ ಹೆಂಗಸನ್ನು ಯಾರೂ ಪೂಜಿಸುವುದಿಲ್ಲ ಎಂಬ ವ್ಯತ್ಯಾಸವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇಷ್ಟು ಹೇಳಿಯೂ, ನನಗೆ ಆ ಕಾಲದ ಒಂದೇ ಪೋಸ್ಟರು ಇಟ್ಟುಕೊಳ್ಳುವ ಅವಕಾಶ ಸಿಕ್ಕರೆ ಗ್ರಿಫಿನ್ 1968ರ ಫೆಬ್ರವರಿಯಲ್ಲಿ ಹೆಂಡ್ರಿಕ್ಸ್ ಕಾರ್ಯಕ್ರಮಕ್ಕೆ ಬರೆದ ಹಾರುವ ಕಣ್ಣುಗುಡ್ಡೆಯನ್ನೇ ಆರಿಸುತ್ತೇನೆ. ರೆಕ್ಕೆ, ಉಗುರು, ಹಾವಿನಂಥ ಬಾಲವಿರುವ ಆ ಕಣ್ಣು ಬೆಂಕಿಯ ಬಳೆಯೊಂದನ್ನು ಸೀಳಿಕೊಂಡು ಹೊರಬರುತ್ತಿದೆ. ಅದನ್ನು ನೋಡುವಾಗ ನನ್ನ ತಕರಾರು ನೆನಪಿಗೆ ಬರುವುದಿಲ್ಲ.

ಚೈತ್ರಗೆರೆ

ಉತ್ತರಿಸಿದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಬಾಯಿಮಾತಿನ ವಾದಕ್ಕೆ ನನ್ನಲ್ಲಿ ಸದ್ಯಕ್ಕೆ ಉತ್ತರವಿಲ್ಲ. ಆದರೆ ಆ ಬಡಾವಣೆಯವರೇ ಅದನ್ನು ಗೋಡೆಯಿಂದ ಕಿತ್ತು ಮನೆಗೆ ಕೊಂಡೊಯ್ಯುತ್ತಿದ್ದರೆಂದ ಮೇಲೆ ಪೋಸ್ಟರು ಎಂಬ ಮಾತಿಗೆ ನಾನು ಕಲಿತ ಅರ್ಥವೇ ಸಾಲದೆಂದು ತೋರುತ್ತದೆ.

ಹಳೇ ಆಫ್‌ಸೆಟ್ ಸರ್, ನೀವು ಹೇಳಿದಂತೆ ಲೂಪ್ ಹಿಡಿದು ನೋಡಿದೆ. ಹಸಿರು ನೆಲದ ತುಂಬ ನೀಲಿ, ಹಳದಿ ಚುಕ್ಕಿಗಳು ರಾಗಿ ಚೆಲ್ಲಿದಂತೆ ಹರಡಿವೆ. ಬೇಸರವಾದದ್ದು ನಿಜ. ಆ ಬೇಸರದಲ್ಲೇ, ನೀವು ಬರೆದ ಬಣ್ಣದ ದೀಪದ ಆಟವನ್ನಾದರೂ ನೋಡೋಣವೆಂದು ರಾತ್ರಿ ಕೊಠಡಿಯ ದೀಪ ಆರಿಸಿ, ಮಿಠಾಯಿ ಪೊಟ್ಟಣದ ಕೆಂಪು ಜಿಲೆಟಿನ್ ಹಾಳೆಯನ್ನು ಟಾರ್ಚಿಗೆ ಸುತ್ತಿ ಪೋಸ್ಟರಿನ ಮೇಲೆ ಬೆಳಕು ಬಿಟ್ಟೆ. ಅಕ್ಷರ ಮಾಯವಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ: ಹಸಿರು ನೆಲ ಕಪ್ಪಾಯಿತು, ಅಕ್ಷರಗಳು ಬೆಳ್ಳಗೆ ಎದ್ದು ನಿಂತವು, ನಡುಕ ಪೂರ್ತಿ ನಿಂತುಹೋಯಿತು. ಹೆಸರು, ಸ್ಥಳ, ದಿನಾಂಕಗಳನ್ನೆಲ್ಲ ಒಂದೇ ಉಸಿರಿಗೆ ಓದಿಬಿಟ್ಟೆ. ಇದು ಏಕೆ ಹೀಗಾಯಿತು?

ಹಳೇ_ಆಫ್‌ಸೆಟ್

ನಿಮ್ಮ ಪೋಸ್ಟರಿನಲ್ಲಿ ಅಕ್ಷರ ಇರುವುದು ಬಿಳಿ ಕಾಗದದ ಮೇಲಲ್ಲ, ಹಸಿರಿನ ಪಕ್ಕ. ಕೆಂಪು ಬೆಳಕನ್ನು ಕೆಂಪು ಶಾಯಿ ಹಿಂದಿರುಗಿಸುತ್ತದೆ, ಹಸಿರು ನುಂಗುತ್ತದೆ. ಸಮನಾಗಿದ್ದ ಹೊಳಪು ಏರುಪೇರಾದ ಕೂಡಲೇ ಕಣ್ಣಿಗೆ ಅಂಚು ಸಿಕ್ಕಿತು. ಹಸಿರು ಹಾಳೆ ಸಿಕ್ಕಿದರೆ ಅದನ್ನೂ ಸುತ್ತಿ ನೋಡಿ. ಆಗ ಅಕ್ಷರ ಕಪ್ಪಾಗಿ, ನೆಲ ಬೆಳ್ಳಗಾಗಿ, ಹಾಗೆಯೂ ಓದಲು ಬರುತ್ತದೆ. ಎರಡೂ ಬೆಳಕು ಕೂಡಿದ ಹಗಲಿನಲ್ಲಿ ಮಾತ್ರ ಅದು ಬೆಂಕಿ.

ಬೆಲೆಯ ವಿಷಯಕ್ಕೆ ಲೂಪ್ ತೆಗೆದುಕೊಂಡು ಆ ಅಂಗಡಿಗೆ ಹೋಗಿ, ಚುಕ್ಕಿಗಳನ್ನು ಅವರಿಗೇ ತೋರಿಸಿ. ಒಳ್ಳೆಯವರಾದರೆ ಹೆಚ್ಚಿಗೆ ಪಡೆದ ಹಣವನ್ನು ಹಿಂದಿರುಗಿಸುತ್ತಾರೆ. ಪೋಸ್ಟರನ್ನು ಮಾತ್ರ ಹಿಂದಿರುಗಿಸಬೇಡಿ.